ಆಕ್ಸಿಮೀಟರ್ 98 ತೋರಿಸ್ತಿತ್ತು: ದೊಡ್ಡಪ್ಪನ 2020

ಮೊದ್ಲೇ ಹೇಳ್ಬಿಡ್ತೀನಿ, ಇದು ಕೋವಿಡ್ ಬಂದವರ ಕಥೆ ಅಲ್ಲ. ನಮ್ಮ ದೊಡ್ಡಪ್ಪಂಗೆ ಆ ವರ್ಷ ಪೂರ್ತಿ ಕೋವಿಡ್ ಬರ್ಲೇ ಇಲ್ಲ, ಎರಡು ಸಲ ಟೆಸ್ಟ್ ಮಾಡಿಸಿದ್ವಿ, ಎರಡೂ ನೆಗೆಟಿವ್. ಆದ್ರೂ ಫೆಬ್ರವರಿಲಿ ದಿನಾ ಮುಕ್ಕಾಲು ಗಂಟೆ ಆರಾಮಾಗಿ ನಡೀತಿದ್ದ ಮನುಷ್ಯ ನವೆಂಬರ್ ಹೊತ್ತಿಗೆ ಕೈ ಊರದೆ ಕುರ್ಚಿಯಿಂದ ಏಳೋಕೂ ಆಗ್ದೆ ಇರೋ ಹಾಗೆ ಆಗಿಬಿಟ್ರು. ನಡುವಿನ ಒಂಬತ್ತು ತಿಂಗಳಲ್ಲಿ ಏನಾಯ್ತು ಅನ್ನೋದನ್ನ ಕೇಸ್ ಥರ ಬರೆದಿಡೋಣ ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ. ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರನ್ನ ಎದ್ದು ನಡೆಯೋ ಹಾಗೆ ಮಾಡೋದೇ ನನ್ನ ಕೆಲಸ, ಆದ್ರೂ ನನ್ನ ಸ್ವಂತ ದೊಡ್ಡಪ್ಪನ ಕಾಲು ಸೋಲ್ತಿರೋದು ನಂಗೆ ಕಾಣ್ಲಿಲ್ಲ. ಅದಕ್ಕೇ ಬರೀತಿರೋದು. ಅವರನ್ನ ಕೇಳೇ ಬರೀತಿದೀನಿ, "ಬರಿ, ಆದ್ರೆ ಹೆಸರು ಊರು ಏನೂ ಹಾಕ್ಬೇಡ" ಅಂದಿದಾರೆ, ಹಾಕಿಲ್ಲ.

ಶುರುಲಿ ಹೇಗಿದ್ರು ಅಂದ್ರೆ, ವಯಸ್ಸು 76, ತೂಕ 64 ಕೆಜಿ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತಿ ಆದವರು. ದೊಡ್ಡಮ್ಮ ತೀರಿಹೋಗಿ ಆರು ವರ್ಷ, ಅವರ ಮಗ, ಅಂದ್ರೆ ನನ್ನ ಅಣ್ಣ, ದೂರದೇಶದಲ್ಲಿ, ಮನೇಲಿ ಇವರೊಬ್ಬರೇ. ಬಿಪಿಗೆ ಎರಡು ಮಾತ್ರೆ, ಅದ್ರಲ್ಲಿ ಒಂದು ಮೂತ್ರ ಜಾಸ್ತಿ ಮಾಡೋದು. ಬಲಗಿವಿಗೆ ಕಿವಿಯ ಹಿಂದೆ ಕೂರೋ ಹಿಯರಿಂಗ್ ಏಡ್. ಶುಗರ್ ಇಲ್ಲ. ಸಂಜೆ ಪಾರ್ಕಲ್ಲಿ ಒಂದು ಬೆಂಚು, ಆ ಬೆಂಚಿಗೆ ಐದು ಜನ, ಅವರಲ್ಲಿ ಇವರೇ ಹಿರಿಯರು. ಫೆಬ್ರವರಿಲಿ ನಾನು ಹೋಗಿದ್ದಾಗ ಮೆಟ್ಟಿಲು ಹತ್ತೋವಾಗ ನನ್ನ ಬ್ಯಾಗನ್ನೂ ಅವರೇ ಎತ್ಕೊಂಡಿದ್ರು, ಅದು ಚೆನ್ನಾಗಿ ನೆನಪಿದೆ.

2020 ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದು ಪ್ಯಾಂಡಮಿಕ್ ಅಂತ ಘೋಷಿಸ್ತಲ್ಲ, ದೊಡ್ಡಪ್ಪ ಅವತ್ತೇ ಒಂದು ಉದ್ದನೆ ಲೆಕ್ಕದ ಪುಸ್ತಕ ತೆಗೆದ್ರು. ಮೊದಲನೇ ಸಾಲು ಈಗ್ಲೂ ಇದೆ, ನೀಲಿ ಇಂಕು, ಅಂಕಿ ಎಲ್ಲ ಅಚ್ಚು ಹಾಕಿದ ಹಾಗೆ: 118000, 114, 4291. ಕೇಸು, ದೇಶ, ಸಾವು. ಆ ದಿನದ ಘೋಷಣೆಲಿ ಹೇಳಿದ್ದ ಅಂಕಿಗಳು. ಅಲ್ಲಿಂದ ದಿನಾ ರಾತ್ರಿ ಟಿವಿ ನೋಡಿ ಬರೆಯೋದು. ಏಪ್ರಿಲ್‌ನಲ್ಲಿ ಅಣ್ಣ ಆನ್‌ಲೈನಲ್ಲಿ ಒಂದು ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡೋದು), ಒಂದು ಥರ್ಮಾಮೀಟರ್ ತರಿಸಿಕೊಟ್ಟ ಮೇಲೆ ಪುಸ್ತಕದಲ್ಲಿ ಇನ್ನೆರಡು ಕಾಲಂ ಸೇರ್ತು, ತಮ್ಮದೇ ಜ್ವರ, ತಮ್ಮದೇ ಆಕ್ಸಿಜನ್. 98, 97, 98, 98. ಉಸಿರಾಟದ ತೊಂದರೆ ಅನುಭವಕ್ಕೇ ಬಾರದೆ ಆಕ್ಸಿಜನ್ ಇಳಿಯೋದುಂಟು ಅಂತ ಆಗ ಎಲ್ಲ ಕಡೆ ಮಾತು, ನಿಜಾನೂ ಹೌದು, ಹಾಗಾಗಿ ನಾವೆಲ್ಲ ಆ ನಂಬರಿಗೆ ಜೋತು ಬಿದ್ವಿ. ಫೋನ್ ಮಾಡಿದ ತಕ್ಷಣ ಮೊದಲ ಪ್ರಶ್ನೆ ಅದೇ, ಎಷ್ಟಿದೆ ದೊಡ್ಡಪ್ಪ? 98 ಕಣಮ್ಮ. ಸರಿ, ಊಟ ಆಯ್ತಾ? ಆಯ್ತು. ಸರಿ ಹಾಗಾದ್ರೆ ಇಡ್ತೀನಿ, ಹುಷಾರು, ಹೊರಗೆ ಹೋಗ್ಬೇಡಿ.

ಹೊರಗೆ ಹೋಗ್ಬೇಡಿ ಅಂತ ನಾವು ಹೇಳಿದ್ದು ತಪ್ಪು ಅಂತ ಈಗ್ಲೂ ಅನ್ನಲ್ಲ. ವಯಸ್ಸು ಏರಿದ ಹಾಗೆ ಈ ವೈರಸ್‌ನಿಂದ ಸಾಯೋ ಅಪಾಯ ಏರ್ತಾ ಹೋಗಿದ್ದು ಸಣ್ಣಪುಟ್ಟ ಲೆಕ್ಕದಲ್ಲಲ್ಲ, ಕಡಿದಾದ ಬೆಟ್ಟದ ಹಾಗೆ, ಇಪ್ಪತ್ತರವನಿಗೂ ಎಪ್ಪತ್ತಾರರವನಿಗೂ ಹೋಲಿಕೆನೇ ಇಲ್ಲ. ಲಸಿಕೆ ಇಲ್ಲ, ಔಷಧಿ ಇಲ್ಲ, ಇದ್ದಿದ್ದು ಬಾಗಿಲು ಒಂದೇ, ಅದನ್ನ ಹಾಕಿದ್ವಿ. ತಪ್ಪಾಗಿದ್ದು ಬಾಗಿಲು ಹಾಕಿದ ಮೇಲೆ ಒಳಗೆ ಏನಾಗ್ತಿದೆ ಅಂತ ಯಾರೂ ಇಣುಕದೆ ಇದ್ದದ್ದು.

ಇಣುಕಲಿಲ್ಲ ಅಂದ್ರೂ ತಪ್ಪಾಗತ್ತೆ, ವಿಡಿಯೋ ಕಾಲ್ ದಿನಾ ಮಾಡ್ತಿದ್ವಿ. ಆದ್ರೆ ವಿಡಿಯೋ ಕಾಲಲ್ಲಿ ಮನುಷ್ಯ ಕಾಣೋದು ಎಷ್ಟು? ತಲೆ, ಭುಜ, ಹಿಂದೆ ಒಂದು ಗೋಡೆ. ತೊಡೆ ಕಾಣಲ್ಲ. ಕುರ್ಚಿಯಿಂದ ಏಳೋದು ಕಾಣಲ್ಲ, ಯಾಕಂದ್ರೆ ಕಾಲ್ ಮುಗಿದ ಮೇಲೆ ತಾನೇ ಏಳೋದು. ಜೂನ್‌ನಿಂದ ಅಕ್ಟೋಬರ್ ನಡುವೆ ಮೂರು ಸಲ ನಾನು ಗೇಟಿನ ತನಕ ಹೋಗಿದ್ದೆ, ಮಾಸ್ಕ್ ಹಾಕ್ಕೊಂಡು ಗೇಟಿನಾಚೆ ನಾನು, ವರಾಂಡದಲ್ಲಿ ಅವರು, ಮೂರು ಸಲಾನೂ ಅವರು ಕುರ್ಚಿ ಮೇಲೇ ಕೂತಿದ್ರು, ನಾನು ಬಂದಾಗ್ಲೂ ಎದ್ದೇಳ್ಲಿಲ್ಲ, ಹೋಗೋವಾಗ್ಲೂ ಎದ್ದೇಳ್ಲಿಲ್ಲ, ಕೈ ಬೀಸಿದ್ರು ಅಷ್ಟೆ. ಬೇರೆ ಯಾರೋ ಪೇಷೆಂಟ್ ಹೀಗೆ ಮಾಡಿದ್ರೆ ತಕ್ಷಣ "ಸ್ವಲ್ಪ ಎದ್ದು ನಿಂತ್ಕೊಳ್ಳಿ ನೋಡೋಣ" ಅಂತಿದ್ದೆ. ಇವರನ್ನ ನೋಡಿ ಸದ್ಯ ಹುಷಾರಾಗಿದಾರಲ್ಲ ಅಂತ ಸಮಾಧಾನ ಪಟ್ಕೊಂಡು ವಾಪಸ್ ಬಂದೆ.

ಆ ಮನೆ ಒಳಗೆ ನಡೀತಿದ್ದಿದ್ದನ್ನ ಆಮೇಲೆ ಕೂತು ಒಂದೊಂದೇ ಬಿಡಿಸಿ ನೋಡಿದೆ. ಪಾರ್ಕ್ ಮುಚ್ಚಿದ್ರು, ನಡಿಗೆ ನಿಂತ್ತು. ಸಾಮಾನು ಬಾಗಿಲಿಗೇ ಬರ್ತಿತ್ತು, ಆ ಓಡಾಟಾನೂ ಹೋಯ್ತು. ಮೊದ್ಲು ದಿನಕ್ಕೆ ಎಷ್ಟೋ ಸಲ ಎದ್ದು ಕೂತು ಮಾಡ್ತಿದ್ದೋರು ಈಗ ಟಿವಿ ಮುಂದೆ ಒಂದೇ ಕುರ್ಚಿ. ವಯಸ್ಸಾದವರ ಸ್ನಾಯು ಎಷ್ಟು ಬೇಗ ಕರಗತ್ತೆ ಅನ್ನೋದು ಹೊರಗಿನವರಿಗೆ ಹೇಳಿದ್ರೆ ನಂಬಲ್ಲ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಲಿ ಮಲಗಿಸಿ ಅಳೆದ್ರು, ಕಾಲುಗಳಿಂದ ಮಾತ್ರ ಹತ್ರ ಹತ್ರ ಒಂದು ಕೆಜಿಯಷ್ಟು ಮಾಂಸಖಂಡ ಕಮ್ಮಿ ಆಗಿತ್ತು. ದೊಡ್ಡಪ್ಪ ಹಾಸಿಗೆ ಹಿಡಿದಿರ್ಲಿಲ್ಲ, ಕುರ್ಚಿ ಹಿಡಿದಿದ್ರು, ಆದ್ರೆ ಹತ್ತು ದಿನ ಅಲ್ಲ, ಎಂಟು ತಿಂಗಳು.

ಊಟದ ವಿಷಯ. ಆಯ್ತು ಅಂತ ಹೇಳ್ತಿದ್ದಿದ್ದು ಸುಳ್ಳಲ್ಲ, ಆದ್ರೆ ಏನು ಎಷ್ಟು ಅಂತ ನಾವು ಕೇಳಿರ್ಲಿಲ್ಲ. ಒಬ್ಬನಿಗೆ ಏನು ಅಡುಗೆ ಮಾಡೋದು ಅಂತ ಬೆಳಗ್ಗೆ ಮಾಡಿದ್ದನ್ನೇ ರಾತ್ರಿಗೂ ಅರ್ಧ ಅರ್ಧ ತಿಂದು ಮಲಗೋದು. ನವೆಂಬರಲ್ಲಿ ತೂಕ 57.5. ಆರೂವರೆ ಕೆಜಿ ಹೋಗಿತ್ತು, ಪ್ಯಾಂಟಿಗೆ ಬೆಲ್ಟಲ್ಲಿ ಹೊಸ ತೂತು ಅವರೇ ಮೊಳೆಯಿಂದ ಮಾಡ್ಕೊಂಡಿದ್ರು. ಇಷ್ಟು ತೂಕ ಇಳಿದ್ರೂ ಬಿಪಿ ಮಾತ್ರೆ ಮಾತ್ರ 64 ಕೆಜಿ ಇದ್ದಾಗಿನ ಲೆಕ್ಕದ್ದೇ. ಎಂಟು ತಿಂಗಳು ಚೆಕಪ್ ಇಲ್ಲ, ಹಳೇ ಚೀಟಿ ತೋರ್ಸಿ ಮಾತ್ರೆ ತರಿಸೋದು. ರಾತ್ರಿ ಪದೇ ಪದೇ ಏಳ್ಬೇಕಲ್ಲ ಅಂತ ಸಂಜೆ ಆದ್ಮೇಲೆ ನೀರು ಬೇರೆ ಬಿಟ್ಟಿದ್ರು.

ಕಿವಿದು ಇನ್ನೊಂದು. ಮಾಸ್ಕಿನ ದಾರ ಕಿವಿ ಹಿಂದೆ, ಹಿಯರಿಂಗ್ ಏಡೂ ಕಿವಿ ಹಿಂದೆ. ಮಾಸ್ಕ್ ತೆಗೆಯೋವಾಗ ಏಡ್ ಎರಡು ಸಲ ಕಿತ್ತು ಬಂದು ನೆಲಕ್ಕೆ ಬಿತ್ತು, ಒಡೆದ್ರೆ ರಿಪೇರಿ ಎಲ್ಲಿ ಅಂತ ಹೆದ್ರಿ ಡ್ರಾಯರಿಗೆ ಹಾಕಿಟ್ರು. ಬಾಗಿಲಿಗೆ ಬರೋರೆಲ್ಲ ಮಾಸ್ಕಲ್ಲಿ, ಮಾಸ್ಕ್ ದಪ್ಪ ಸ್ವರಾನ ಕಮ್ಮಿ ತಡೆಯತ್ತೆ, ಸಣ್ಣ ಚೂಪು ಸ್ವರಗಳನ್ನ ಜಾಸ್ತಿ ತಡೆಯತ್ತೆ, ವಯಸ್ಸಾದ ಕಿವಿಗೆ ಮೊದಲು ಹೋಗಿರೋದೂ ಅದೇ ಸ್ವರಗಳು, ಮೇಲಿಂದ ತುಟಿನೂ ಕಾಣಲ್ಲ. ಹಾಗಾಗಿ ಯಾರು ಏನು ಹೇಳಿದ್ರೂ ಹೂಂ ಅನ್ನೋದು ಅಭ್ಯಾಸ ಆಯ್ತು. ನಮ್ಮ ವಿಡಿಯೋ ಕಾಲ್‌ಗಳಲ್ಲೂ ಅಷ್ಟೇ. ಸೆಪ್ಟೆಂಬರಲ್ಲಿ ಅತ್ತಿಗೆ ಅಂದ್ರು, ಮಾವಂಗೆ ಮರೆವು ಶುರುವಾಗಿದೆ ಅನ್ಸತ್ತೆ, ನಾನೊಂದು ಕೇಳಿದ್ರೆ ಇನ್ನೊಂದು ಹೇಳ್ತಾರೆ. ನಾವೆಲ್ಲ ಅದನ್ನ ಒಪ್ಕೊಂಡೂ ಬಿಟ್ವಿ. ಯಾರಿಗೂ ಕಿವಿ ನೆನಪಾಗ್ಲಿಲ್ಲ.

ಇದರ ಜೊತೆಗೆ ಒಂದು ನೆಗಡಿ ಮಾತ್ರೆ. ಹಗಲೆಲ್ಲ ಕುರ್ಚಿಲಿ ತೂಕಡಿಸಿದ್ರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು, ಮನೇಲಿ ಹಳೇ ಕಾಲದ ಅಲರ್ಜಿ ಮಾತ್ರೆ ಒಂದು ಶೀಟ್ ಇತ್ತು, ತಗೊಂಡ್ರೆ ನಿದ್ದೆ ಬರತ್ತೆ ಅಂತ ಕಂಡ್ಕೊಂಡು ದಿನಾ ರಾತ್ರಿ ಒಂದು. ಈ ಜಾತಿ ಮಾತ್ರೆಗಳನ್ನ ವಯಸ್ಸಾದವರಿಗೆ ಆದಷ್ಟು ಕೊಡ್ಬೇಡಿ ಅಂತ ಬಿಯರ್ಸ್ ಪಟ್ಟಿಲೇ (ವಯಸ್ಸಾದವರಿಗೆ ತೊಂದರೆ ಮಾಡಬಹುದಾದ ಔಷಧಿಗಳ ಪಟ್ಟಿ) ಇದೆ. ತಲೆ ಮಂಕಾಗತ್ತೆ, ಬಾಯಿ ಒಣಗತ್ತೆ, ಬೀಳೋ ಚಾನ್ಸ್ ಜಾಸ್ತಿ ಆಗತ್ತೆ. ಮಾತ್ರೆ ಸುಲಭವಾಗಿ ಸಿಗತ್ತೆ, ಎಲ್ಲರ ಮನೇಲೂ ಇರತ್ತೆ, ಅದಕ್ಕೇ ಯಾರೂ ಇದನ್ನ ಔಷಧಿ ಅಂತಾನೇ ಲೆಕ್ಕಕ್ಕೆ ತಗೊಳಲ್ಲ. ನೀವು ಏನೇನು ಮಾತ್ರೆ ತಗೋತೀರಿ ಅಂತ ಡಾಕ್ಟ್ರು ಫೋನಲ್ಲಿ ಕೇಳಿದಾಗ ದೊಡ್ಡಪ್ಪ ಎರಡೇ ಅಂದಿದ್ರು.

ಇನ್ನು ಆ ಪುಸ್ತಕ. ಅದನ್ನ ನಾನು ನೋಡಿದ್ದು ಡಿಸೆಂಬರಲ್ಲಿ. ಸೆಪ್ಟೆಂಬರ್ ಕೊನೇಲಿ ಒಂದು ಸಾಲು ಇದೆ, ಪ್ರಪಂಚದಲ್ಲಿ ಸಾವು ಹತ್ತು ಲಕ್ಷ ದಾಟಿದ ದಿನ, 1000000 ಅಂತ ಬರೆದು ಕೆಳಗೆ ಎರಡು ಗೆರೆ ಹಾಕಿದಾರೆ, ಲೆಕ್ಕ ಮುಗಿದಾಗ ಹಾಕ್ತಾರಲ್ಲ ಹಾಗೆ. ಆದ್ರೆ ಮರುದಿನ ಮತ್ತೆ ಬರೆದಿದಾರೆ. ಅಕ್ಷರ ಮಾರ್ಚಿನ ಹಾಗಿಲ್ಲ, ಅಂಕಿ ಸಾಲು ಬಿಟ್ಟು ಕೆಳಗೆ ಜಾರಿದೆ. ಅಕ್ಟೋಬರ್ ಎರಡನೇ ವಾರಕ್ಕೆ ಪುಸ್ತಕ ನಿಂತೇಹೋಗಿದೆ. ಕೊನೇ ಸಾಲಲ್ಲಿ ಸಾವಿನ ಕಾಲಂ ಖಾಲಿ, ಆಕ್ಸಿಜನ್ ಕಾಲಂನಲ್ಲಿ 98.

ಆ ವಾರ ಬೆಂಚಿನ ಐವರಲ್ಲಿ ಒಬ್ರು ಕೋವಿಡಲ್ಲಿ ಹೋಗಿದ್ರು. ಅದಕ್ಕೂ ಎರಡು ತಿಂಗಳು ಮುಂಚೆ ಇನ್ನೊಬ್ರು ಹಾರ್ಟ್ ಅಟ್ಯಾಕಲ್ಲಿ, ಎದೆ ನೋವು ಬಂದ್ರೂ ಆಸ್ಪತ್ರೆಗೆ ಹೋದ್ರೆ ಕೋವಿಡ್ ಹತ್ತತ್ತೆ ಅಂತ ರಾತ್ರಿಯೆಲ್ಲ ತಡ್ಕೊಂಡು ಕೂತಿದ್ರಂತೆ. ಎರಡಕ್ಕೂ ದೊಡ್ಡಪ್ಪ ಹೋಗೋಕಾಗ್ಲಿಲ್ಲ. ಅವರಲ್ಲಿ ಒಬ್ಬರ ಅಂತ್ಯಕ್ರಿಯೆನ ಮನೆಯವರು ಫೋನಲ್ಲಿ ಲೈವ್ ತೋರ್ಸಿದ್ರು, ಚಿತ್ರ ನಿಂತು ನಿಂತು ಬರ್ತಿತ್ತು, ಏಡ್ ಹಾಕಿರ್ಲಿಲ್ಲ, ಏನು ಮಾತಾಡ್ತಿದಾರೆ ಅಂತ ಕೇಳಿಸ್ಲೂ ಇಲ್ಲ. ನಾನು ಪುಸ್ತಕ ತೋರ್ಸಿ ಯಾಕೆ ನಿಲ್ಲಿಸಿದ್ರಿ ಅಂತ ಕೇಳ್ದಾಗ ಸುಮಾರು ಹೊತ್ತು ಸುಮ್ನಿದ್ದು ಅಂದ್ರು, "ಅವತ್ತಿನ ನಂಬರಲ್ಲಿ ಅವನೂ ಒಬ್ಬ ಇದಾನಲ್ಲಮ್ಮ. ಅವನನ್ನ ಹೇಗೆ ಬರೀಲಿ?" ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ. ನಲವತ್ತು ವರ್ಷ ಒಂದು ಪೈಸೆ ಹೆಚ್ಚುಕಮ್ಮಿ ಆಗದ ಹಾಗೆ ಕೂಡಿಸಿ ಕಳೆದ ಮನುಷ್ಯನಿಗೆ ಲೆಕ್ಕದ ಮೇಲೇ ಅಸಹ್ಯ ಬಂದಿತ್ತು ಅಂತ ಮಾತ್ರ ಗೊತ್ತಾಯ್ತು. ಡಿಪ್ರೆಶನ್ ಪ್ರಶ್ನಾವಳಿ ಇದೆಯಲ್ಲ, ಹದಿನೈದು ಪ್ರಶ್ನೆದು, ಐದಕ್ಕಿಂತ ಜಾಸ್ತಿ ಬಂದ್ರೆ ಗಮನ ಕೊಡಿ ಅನ್ನೋದು, ಅದ್ರಲ್ಲಿ ಅವರಿಗೆ 8 ಬಂತು. ಬರದೆ ಇದ್ದಿದ್ರೇ ಆಶ್ಚರ್ಯ.

ನವೆಂಬರ್ ಮೂರನೇ ವಾರ, ಬೆಳಗಿನ ಜಾವ ಸುಮಾರು ಮೂರೂವರೆಗೆ ಬಾತ್‌ರೂಮಿಗೆ ಅಂತ ಎದ್ರು. ಎದ್ದು ನಾಲ್ಕು ಹೆಜ್ಜೆ, ಕಣ್ಣು ಕತ್ತಲಿಟ್ಟಿತು, ಬಿದ್ರು. ಮೂಳೆ ಮುರೀಲಿಲ್ಲ. ಆದ್ರೆ ಏಳೋಕಾಗ್ಲಿಲ್ಲ. ಜನ ಇದನ್ನ ಅರ್ಥ ಮಾಡ್ಕೊಳಲ್ಲ, ಏಟಿಲ್ಲ ನೋವಿಲ್ಲ, ಮತ್ಯಾಕೆ ಏಳ್ಲಿಲ್ಲ ಅಂತಾರೆ. ನೆಲದಿಂದ ಎದ್ದು ನಿಲ್ಲೋಕೆ ತೊಡೆಲಿ ಬಲ ಬೇಕು, ಅದು ಇರ್ಲಿಲ್ಲ ಅಷ್ಟೆ. ಫೋನು ರೂಮಲ್ಲಿ ಚಾರ್ಜಿಗೆ ಹಾಕಿತ್ತು. ತೆವಳ್ಕೊಂಡು ಫೋನಿನ ತನಕ ಬರೋಕೆ ಎರಡೂವರೆ ಗಂಟೆ ಆಯ್ತು, ನಡುನಡುವೆ ಸುಸ್ತಾಗಿ ನೆಲದ ಮೇಲೇ ಮಲಗಿ ಮತ್ತೆ ತೆವಳಿದ್ರಂತೆ. ನೆಲದ ಮೇಲೆ ಒಂದು ಗಂಟೆಗಿಂತ ಜಾಸ್ತಿ ಬಿದ್ದಿದ್ರೇ ನಾವು ಗಂಭೀರ ಅಂತ ತಗೋತೀವಿ, ಸ್ನಾಯು ಒತ್ತಿ ಹಾಳಾಗಿ ಕಿಡ್ನಿಗೆ ಹೊಡೆತ ಬೀಳ್ಬಹುದು, ಮೈ ತಣ್ಣಗಾಗತ್ತೆ. ಆರು ಗಂಟೆಗೆ ನಂಗೆ ಫೋನ್ ಬಂತು. "ಪುಟ್ಟೀ, ನಾನು ಬಿದ್ದಿದೀನಿ, ಆದ್ರೆ ಆಕ್ಸಿಜನ್ ಸರಿಯಾಗಿದೆ" ಅಂದ್ರು. ಆಕ್ಸಿಮೀಟರ್ ಫೋನಿನ ಪಕ್ಕದಲ್ಲೇ ಇತ್ತಂತೆ, ಮೊದ್ಲು ಬೆರಳಿಗೆ ಅದನ್ನ ಹಾಕಿ ನೋಡಿ ಆಮೇಲೆ ಫೋನ್ ಮಾಡಿದ್ರು. ನಗಬೇಕೋ ಅಳಬೇಕೋ.

ಆಸ್ಪತ್ರೆ ಭಾಗ ಚಿಕ್ಕದು. ಬರಲ್ಲ ಅಂದ್ರು, ಎಳ್ಕೊಂಡೇ ಹೋದೆ. ಎಕ್ಸ್‌ರೇ, ರಕ್ತ, ಕೋವಿಡ್ ಟೆಸ್ಟ್. ವಯಸ್ಸಾದವರಲ್ಲಿ ಜ್ವರ ಕೆಮ್ಮು ಏನೂ ಇಲ್ದೆ ಬರೀ ಬೀಳೋದು, ಗೊಂದಲ ಆಗೋದೇ ಕೋವಿಡ್ಡಿನ ಮೊದಲ ಲಕ್ಷಣ ಆಗಿರೋದೂ ಉಂಟು, ಹಾಗಾಗಿ ಅದು ಬೇಕಿತ್ತು. ನೆಗೆಟಿವ್. ಒಂದು ರಾತ್ರಿ ಇಟ್ಕೊಂಡು ಕಳ್ಸಿದ್ರು, ಒಳಗೆ ಯಾರನ್ನೂ ಬಿಡ್ಲಿಲ್ಲ. ಅಲ್ಲಿನ ನರ್ಸ್ ಒಬ್ರು ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ಬಿಪಿ ನೋಡಿದ್ರು, ಅವರಿಗೆ ನಾನು ಜೀವನಪೂರ್ತಿ ಋಣಿ. ಮಲಗಿದ್ದಾಗ 128/76, ನಿಂತ ಮೇಲೆ 102/64. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದ್ರೆ ಅದು ತೊಂದರೆ, ಇವರಿಗೆ ಎರಡೂ ಇಳಿದಿತ್ತು. ಬರೀ ಕೂರಿಸಿ ನೋಡಿದ್ರೆ ಬಿಪಿ ಫಸ್ಟ್ ಕ್ಲಾಸ್ ಅಂತ ಬರೆದು ಮನೆಗೆ ಕಳಿಸ್ತಿದ್ರು.

ನಾನು ಹೋಗಿ ಅವರ ಮನೇಲೇ ಉಳ್ಕೊಂಡೆ, ಮೂರು ವಾರ. ಮೊದಲ ದಿನ ಅಳೆದಿದ್ದು: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರೋಕೆ 19 ಸೆಕೆಂಡ್. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ತಗೊಂಡ್ರೆ ಬೀಳೋ ಅಪಾಯ ಅಂತ ಲೆಕ್ಕ. ಕೈ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರಿ ಅನ್ನೋದ್ರಲ್ಲಿ, ಆ ವಯಸ್ಸಿನ ಗಂಡಸರಿಗೆ 11ಕ್ಕಿಂತ ಕಮ್ಮಿ ಬಂದ್ರೆ ದುರ್ಬಲ. ಇವರು ಕೈ ಊರದೆ ಒಂದ್ಸಲಾನೂ ಏಳ್ಲಿಲ್ಲ. ಸೊನ್ನೆ. ಪೇಪರಲ್ಲಿ ಸೊನ್ನೆ ಬರೆಯೋವಾಗ ಅವರು ನನ್ನ ಮುಖ ನೋಡ್ತಿದ್ರು, ನಾನು ಪೇಪರ್ ನೋಡ್ತಿದ್ದೆ.

ಮಾಡಿದ್ದೇನು ಅಂದ್ರೆ ದೊಡ್ಡ ರಹಸ್ಯ ಏನಿಲ್ಲ. ಅಲರ್ಜಿ ಮಾತ್ರೆ ನಿಲ್ಸಿದ್ವಿ. ಡಾಕ್ಟ್ರ ಜೊತೆ ಮಾತಾಡಿ, ಅವರು ಮೂತ್ರದ ಮಾತ್ರೆ ತೆಗೆದು ಇನ್ನೊಂದನ್ನ ಮಾತ್ರ ಉಳಿಸಿದ್ರು (ಇದನ್ನ ಓದಿ ನೀವೇ ಮನೇಲಿ ನಿಲ್ಲಿಸೋಕೆ ಹೋಗ್ಬೇಡಿ, ಕೇಳಿ ನಿಲ್ಸಿ). ಹತ್ತು ದಿನಕ್ಕೆ "ಮರೆವು" ಮುಕ್ಕಾಲು ಪಾಲು ಮಾಯ, ಡ್ರಾಯರಿನಿಂದ ಏಡ್ ತೆಗೆದು ಹಾಕಿ, ತಲೆ ಹಿಂದೆ ಕಟ್ಟೋ ಮಾಸ್ಕ್ ಕೊಟ್ಟ ಮೇಲೆ ಉಳಿದ ಕಾಲು ಪಾಲೂ ಹೋಯ್ತು. ಅತ್ತಿಗೆ ಫೋನಲ್ಲಿ ಮಾತಾಡಿ ಆಮೇಲೆ ನಂಗೆ ಮೆಸೇಜ್ ಮಾಡಿದ್ರು, ಮಾವ ಮೊದಲಿನ ಹಾಗೇ ನನ್ನ ತಪ್ಪು ಹುಡುಕಿದ್ರು ಅಂತ. ಖುಷಿಲಿ ಹಾಕಿದ ಮೆಸೇಜೇ ಅದು.

ಪ್ರೊಟೀನು, ವಯಸ್ಸಾದವರಿಗೆ ತೂಕದ ಒಂದು ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅಂತಾರೆ, ಅಂದ್ರೆ ಇವರಿಗೆ ಹತ್ತಿರ ಹತ್ತಿರ 60-70 ಗ್ರಾಂ, ಸಿಗ್ತಿದ್ದಿದ್ದು ಅರ್ಧಾನೂ ಇರ್ಲಿಲ್ಲ. ಅದನ್ನ ಮೂರು ಹೊತ್ತಿಗೆ ಹಂಚಿದ್ವಿ. ವ್ಯಾಯಾಮ ಶುರು ಮಾಡಿದ್ದು ಕುರ್ಚಿ ಮೇಲೆ ಎರಡು ದಿಂಬು ಹಾಕಿ, ಎತ್ತರದಿಂದ ಏಳೋದು ಸುಲಭ, ವಾರಕ್ಕೊಂದು ದಿಂಬು ತೆಗೆಯೋದು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ಹತ್ತು ಸೆಕೆಂಡ್ ನಿಲ್ಲೋದು. ಅದೇ ನವೆಂಬರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾರ್ಗಸೂಚಿನೂ ಬಂದಿತ್ತು, 65 ದಾಟಿದವರು ವಾರಕ್ಕೆ ಮೂರು ದಿನ ಆದ್ರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡ್ಬೇಕು ಅಂತ. ನಾವು ದಿನಾ ಮಾಡಿದ್ವಿ, ಬೇರೆ ಕೆಲಸ ಏನಿತ್ತು. ಖಾಲಿ ರಸ್ತೆಲಿ ಬೆಳಗ್ಗೆ ಬೆಳಗ್ಗೆ ನಡೆಸೋಕೂ ಶುರು ಮಾಡ್ದೆ, ಇದನ್ನ ಏಪ್ರಿಲ್‌ನಿಂದಲೇ ಮಾಡಬಹುದಿತ್ತು. ಜನ ಇಲ್ಲದ ಬಯಲಲ್ಲಿ ಒಬ್ಬನೇ ನಡೆಯೋ ಮುದುಕನಿಗೆ ವೈರಸ್ ಎಲ್ಲಿಂದ ಬರತ್ತೆ? ಈ ಪ್ರಶ್ನೆನ ನಾನು ಏಪ್ರಿಲಲ್ಲಿ ಕೇಳ್ಬೇಕಿತ್ತು.

ಮನಸ್ಸಿನ ಭಾಗ ಇಷ್ಟು ಸಲೀಸಾಗಿರ್ಲಿಲ್ಲ. ಟಿವಿ ಕಮ್ಮಿ ಮಾಡಿ, ಪಾಸಿಟಿವ್ ಆಗಿರಿ ಅಂತ ಹೇಳೋರಿಗೆ ಕೊರತೆ ಇಲ್ಲ, ಅಂಥ ಮಾತು ಕೇಳಿದ್ರೆ ಅವರಿಗೆ ಸಿಟ್ಟು ಬರ್ತಿತ್ತು, ನಂಗೂ ಬರತ್ತೆ. ಕೊನೆಗೆ ಕೆಲಸಕ್ಕೆ ಬಂದಿದ್ದು ನನ್ನ ಸೋಮಾರಿತನ. ನನ್ನ ಕ್ಲಿನಿಕ್ಕಿನ ಲೆಕ್ಕ ಮಾರ್ಚ್‌ನಿಂದ ಬರೆದೇ ಇರ್ಲಿಲ್ಲ, ಬಿಲ್ಲೆಲ್ಲ ಒಂದು ಕವರಲ್ಲಿ ತುರುಕಿಟ್ಟಿದ್ದೆ, ಅದನ್ನ ಅವರ ಮುಂದೆ ಸುರಿದೆ. ಎರಡು ದಿನ ಮುಟ್ಲಿಲ್ಲ. ಮೂರನೇ ದಿನ ಬೆಳಗ್ಗೆ ಎದ್ದು ನೋಡಿದ್ರೆ ತಿಂಗಳವಾರು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದಾರೆ, "ಹೀಗೆ ಲೆಕ್ಕ ಇಡೋರನ್ನ ನಾನು ಕೆಲಸಕ್ಕೆ ಇಟ್ಕೋತಿರ್ಲಿಲ್ಲ" ಅಂತ ಬೈದ್ರು. ಅಲ್ಲಿಂದ ನಮ್ಮ ಫೋನುಗಳೂ ಬದಲಾದವು, ಊಟ ಆಯ್ತಾ ಹೋಗಿ, ಆಗಸ್ಟ್ 14ರ ಬಿಲ್ ಎಲ್ಲಿ ಅಂತ ಅವರೇ ಫೋನ್ ಮಾಡೋರು. ಡಿಸೆಂಬರ್ 8ಕ್ಕೆ ಬ್ರಿಟನ್ನಿನಲ್ಲಿ ಪ್ರಯೋಗದ ಹೊರಗೆ ಫೈಜರ್ ಲಸಿಕೆ ಮೊದಲು ಹಾಕಿಸ್ಕೊಂಡಿದ್ದು 90 ವರ್ಷದ ಅಜ್ಜಿ ಅನ್ನೋದನ್ನ ಟಿವಿಲಿ ನೋಡಿ, "ನೋಡು, ಕೊನೆಗೂ ಒಂದು ಕ್ಯೂನಲ್ಲಿ ನಾವು ಮುಂದೆ" ಅಂದ್ರು. ತಿಂಗಳುಗಟ್ಟಲೆ ಆದ್ಮೇಲೆ ಅವರು ಹೇಳಿದ ಮೊದಲ ಜೋಕು.

ಹನ್ನೆರಡು ವಾರಕ್ಕೆ ಎದ್ದು ನಡೆದು ಬರೋದು 12.5 ಸೆಕೆಂಡಿಗೆ ಬಂತು, ಎದ್ದು ಕೂರೋದು 9. ತೂಕ 60.3. ನಿಂತಾಗ ಬಿಪಿ ಇಳಿಯೋದು ಈಗ ಮಿತಿ ಒಳಗಿದೆ. ಪೂರ್ತಿ ಸರಿ ಹೋದ್ರಾ ಅಂದ್ರೆ ಇಲ್ಲ. ಮೆಟ್ಟಿಲಲ್ಲಿ ಕಂಬಿ ಬೇಕು. ರಾತ್ರಿ ಲೈಟ್ ಆರಿಸಲ್ಲ, ಫೋನು ಜೇಬಲ್ಲೇ ಇಟ್ಕೊಂಡು ಮಲಗ್ತಾರೆ. ಪಾರ್ಕ್ ತೆರೆದ ಮೇಲೆ ಒಂದ್ಸಲ ಹೋಗಿ ಬೆಂಚು ನೋಡಿ, ಕೂರದೆ ವಾಪಸ್ ಬಂದ್ರು, ಆಮೇಲೆ ಬೇರೆ ದಾರಿಲಿ ನಡೀತಾರೆ. ಉಳಿದ ಇಬ್ಬರು ಗೆಳೆಯರ ಜೊತೆ ಫೋನಲ್ಲೇ ಮಾತು.

2021 ಮಾರ್ಚಲ್ಲಿ ಹೋಗಿದ್ದಾಗ ಆ ಲೆಕ್ಕದ ಪುಸ್ತಕ ಮತ್ತೆ ಮೇಜಿನ ಮೇಲೆ ಇತ್ತು. ಅಕ್ಟೋಬರಿನ ಖಾಲಿ ಸಾಲು ಹಾಗೇ ಬಿಟ್ಟು ಮುಂದಿನ ಪುಟದಿಂದ ಬರೆದಿದಾರೆ, ಒಂದೇ ಕಾಲಂ, 8, 9, 9, 10, 9. ಆಕ್ಸಿಮೀಟರ್ ನೋಡೋಣ ಅಂತ ಬೆರಳಿಗೆ ಹಾಕ್ದೆ, ಆನ್ ಆಗ್ಲಿಲ್ಲ. ಮುಚ್ಚಳ ತೆಗೆದ್ರೆ ಸೆಲ್ಲೇ ಇಲ್ಲ. 30 ಸೆಕೆಂಡ್ ಅಳೆಯೋ ಟೈಮರ್ ನಿಂತೋಗಿತ್ತು, ಅದಕ್ಕೆ ಹಾಕ್ದೆ ಅಂದ್ರು. ಕೋವಿಡ್ ಎಲ್ಲೂ ಹೋಗಿಲ್ಲ ದೊಡ್ಡಪ್ಪ, ಇದೂ ಬೇಕು ಅಂತ ಜೋರು ಮಾಡಿ, ನನ್ನ ಬ್ಯಾಗಲ್ಲಿದ್ದ ಎರಡು ಸೆಲ್ ತೆಗೆದು ಹಾಕ್ದೆ. ಆಯ್ತಮ್ಮ ಅಂತ ಹೇಳಿ ಅವರು ಟೈಮರ್ ಒತ್ತಿ ಎದ್ದು ನಿಂತ್ರು.